ಸೂಕ್ಷ್ಮ ಯಂತ್ರೋಪಕರಣಗಳ ರಫ್ತು: ಬದಲಾದ ಸಮುದ್ರಮಾರ್ಗ ಮತ್ತು ಪ್ಯಾಕಿಂಗ್‌ನ ಹೊಣೆ

ಪೀಠಿಕೆ

ಬೆಂಗಳೂರಿನ ಪೀಣ್ಯ, ಬೆಳಗಾವಿ ಮುಂತಾದ ಕೈಗಾರಿಕಾ ಪ್ರದೇಶಗಳ ಸಣ್ಣ ಮತ್ತು ಮಧ್ಯಮ ಘಟಕಗಳು ತಯಾರಿಸುವ ಯಂತ್ರೋಪಕರಣ ಹಾಗೂ ಅಳತೆಯ ಸಾಧನಗಳ ಮೌಲ್ಯವಿರುವುದು ಅವುಗಳ ನಿಖರತೆಯಲ್ಲಿ. ಮೈಕ್ರಾನ್ ಲೆಕ್ಕದಲ್ಲಿ ಹೊಂದಿಸಲಾದ ಯಂತ್ರವೊಂದು ಖರೀದಿದಾರನ ಕಾರ್ಖಾನೆಯನ್ನು ತಲುಪುವಾಗ ತುಕ್ಕು ಹಿಡಿದಿದ್ದರೆ ಅಥವಾ ಅದರ ಹೊಂದಾಣಿಕೆ ತಪ್ಪಿದ್ದರೆ, ತಿಂಗಳುಗಳ ಶ್ರಮವು ವ್ಯರ್ಥವಾಗುತ್ತದೆ. ಆದಾಗ್ಯೂ ಅನೇಕ ಘಟಕಗಳಲ್ಲಿ ಪ್ಯಾಕಿಂಗ್ ಕಾರ್ಯವನ್ನು ಕೊನೆಯ ವಾರದ ಕೆಲಸವೆಂದೇ ಪರಿಗಣಿಸಲಾಗುತ್ತಿದೆ. ಇತ್ತೀಚಿನ ವರ್ಷಗಳ ಬೆಳವಣಿಗೆಗಳ ಹಿನ್ನೆಲೆಯಲ್ಲಿ ಈ ಧೋರಣೆಯು ಏಕೆ ಅಪಾಯಕಾರಿ ಎಂಬುದನ್ನು ರಫ್ತುದಾರರ ಮಾಹಿತಿಗಾಗಿ ಇಲ್ಲಿ ವಿಶ್ಲೇಷಿಸಲಾಗಿದೆ.

ಸಮುದ್ರಮಾರ್ಗದಲ್ಲಿ ಆದ ಬದಲಾವಣೆ

2021ರ ಮಾರ್ಚ್ ತಿಂಗಳಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಲುಕಿ, ಆರು ದಿನಗಳ ಕಾಲ ಸಂಚಾರ ಸ್ಥಗಿತಗೊಂಡಿತು. ಅದು ಅಲ್ಪಕಾಲದ ಅಡಚಣೆಯಾಗಿತ್ತು. 2023ರ ನವೆಂಬರ್ 19ರಂದು ಕೆಂಪು ಸಮುದ್ರದಲ್ಲಿ ‘ಗ್ಯಾಲಕ್ಸಿ ಲೀಡರ್’ ಹಡಗನ್ನು ಯೆಮೆನ್‌ನ ಹೂತಿ ಪಡೆಗಳು ವಶಪಡಿಸಿಕೊಂಡವು. ತರುವಾಯ ಇತರ ಹಡಗುಗಳ ಮೇಲೂ ದಾಳಿಗಳು ನಡೆದುದರಿಂದ, 2024ರಲ್ಲಿ ಪ್ರಮುಖ ಕಂಟೇನರ್ ಹಡಗು ಕಂಪನಿಗಳು ಯುರೋಪಿನ ಸಂಚಾರವನ್ನು ಆಫ್ರಿಕಾದ ಗುಡ್ ಹೋಪ್ ಭೂಶಿರದ ಮೂಲಕ ನಡೆಸಿದವು. ಇದರಿಂದ ಪ್ರಯಾಣದ ಅವಧಿಯು ಸುಮಾರು 10ರಿಂದ 14 ದಿನಗಳಷ್ಟು ಹೆಚ್ಚಾಯಿತು.

ಈ ಘಟನೆಗಳಿಂದ ತಿಳಿದುಬರುವ ಅಂಶವೇನೆಂದರೆ, ಸರಕು ಕಾರ್ಖಾನೆಯಿಂದ ಹೊರಟ ನಂತರವೂ ಮಾರ್ಗವು ಬದಲಾಗಬಹುದು. ಆದುದರಿಂದ ಪ್ಯಾಕಿಂಗ್ ಅನ್ನು ವೇಳಾಪಟ್ಟಿಯಲ್ಲಿ ಕಾಣುವ ದಿನಗಳಿಗಲ್ಲದೆ, ಸಂಭವನೀಯವಾದ ಅತಿ ದೀರ್ಘ ಪ್ರಯಾಣಕ್ಕೆ ಅನುಗುಣವಾಗಿ ರೂಪಿಸುವುದು ಅವಶ್ಯಕ.

ಹೆಚ್ಚುವರಿ ದಿನಗಳಿಂದಾಗುವ ಹಾನಿ

ಮುಚ್ಚಿದ ಕಂಟೇನರಿನೊಳಗೆ ಹಗಲಿನ ಬಿಸಿಲಿಗೆ ಗಾಳಿಯು ಕಾದು, ಮರ ಮತ್ತು ರಟ್ಟಿನಲ್ಲಿರುವ ತೇವಾಂಶವನ್ನು ಹೀರಿಕೊಳ್ಳುತ್ತದೆ. ರಾತ್ರಿ ಉಷ್ಣತೆ ಇಳಿದಾಗ ಅದೇ ತೇವಾಂಶವು ಛಾವಣಿಯಲ್ಲಿ ಹನಿಗಟ್ಟಿ ಸರಕಿನ ಮೇಲೆ ತೊಟ್ಟಿಕ್ಕುತ್ತದೆ. ಸಾಪೇಕ್ಷ ಆರ್ದ್ರತೆಯು ಸುಮಾರು ಶೇ. 60ನ್ನು ಮೀರಿದಲ್ಲಿ ಕಬ್ಬಿಣ ಮತ್ತು ಉಕ್ಕಿಗೆ ತುಕ್ಕು ಹಿಡಿಯುವ ವೇಗವು ಹೆಚ್ಚುತ್ತದೆ. ಪ್ರಯಾಣದ ಪ್ರತಿಯೊಂದು ಹೆಚ್ಚುವರಿ ದಿನವೂ ಈ ಚಕ್ರವನ್ನು ಮತ್ತೊಮ್ಮೆ ಪುನರಾವರ್ತಿಸುತ್ತದೆ.

ಸಿಲಿಕಾ ಜೆಲ್‌ನಂತಹ ತೇವಹೀರಕಗಳ ಪ್ರಮಾಣವನ್ನು ಪೆಟ್ಟಿಗೆಯ ಗಾತ್ರ, ಹೊದಿಕೆಯ ಗುಣಮಟ್ಟ ಹಾಗೂ ದಿನಗಳ ಸಂಖ್ಯೆಯ ಆಧಾರದ ಮೇಲೆ ಲೆಕ್ಕ ಹಾಕಬೇಕು. ಮೂವತ್ತು ದಿನಗಳಿಗೆಂದು ಇರಿಸಿದ ಚೀಲಗಳು ನಲವತ್ತೈದನೆಯ ದಿನಕ್ಕೆ ಸಾಲದೆ ಹೋಗಬಹುದು. ಸಾಧಾರಣ ಪಾಲಿಥೀನ್ ಹಾಳೆಯ ಮೂಲಕ ತೇವಾಂಶವು ನಿಧಾನವಾಗಿ ಒಳಸೇರುತ್ತದೆ. ಅಲ್ಯೂಮಿನಿಯಂ ಪದರವಿರುವ ಹೊದಿಕೆಯನ್ನು ಬೆಸುಗೆ ಹಾಕಿ ಮುಚ್ಚಿದಲ್ಲಿ ಈ ಸೋರಿಕೆಯು ಬಹಳ ಕಡಿಮೆ. ಹಸಿ ಮರದ ತುಂಡುಗಳನ್ನು ಹೊದಿಕೆಯ ಒಳಗೆ ಇರಿಸಿದರೆ, ತೇವಹೀರಕವು ಯಂತ್ರವನ್ನು ಕಾಯುವ ಬದಲು ಮರವನ್ನು ಒಣಗಿಸುವುದರಲ್ಲಿಯೇ ಮುಗಿದುಹೋಗುತ್ತದೆ.

ನಷ್ಟವನ್ನು ಭರಿಸುವವರು ಯಾರು?

ರಫ್ತುದಾರರಲ್ಲಿ ವಿಮೆ ಇದ್ದರೆ ಸಾಕೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತುಸ್ಥಿತಿಯು ಕೆಳಕಂಡಂತಿದೆ.

(ಅ) ಹಡಗು ಕಂಪನಿ: 1924ರ ಹೇಗ್ ನಿಯಮಗಳಲ್ಲಿಯೇ, ಪ್ಯಾಕಿಂಗ್ ಸಾಕಷ್ಟಿಲ್ಲದ ಕಾರಣದಿಂದ ಉಂಟಾದ ಹಾನಿಗೆ ಸಾಗಣೆದಾರರು ಹೊಣೆಗಾರರಲ್ಲವೆಂದು ತಿಳಿಸಲಾಗಿದೆ.

(ಆ) ವಿಮಾ ಸಂಸ್ಥೆ: ಸಮುದ್ರಯಾನದ ಸರಕು ವಿಮೆಯಲ್ಲಿ ಅತಿ ವಿಸ್ತಾರವಾದ ರಕ್ಷಣೆ ನೀಡುವ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ (ಎ)’ ಷರತ್ತುಗಳಲ್ಲಿಯೂ, ವಿಮೆದಾರರೇ ಮಾಡಿದ ಅಥವಾ ವಿಮೆ ಜಾರಿಯಾಗುವ ಮೊದಲೇ ಮಾಡಲಾದ ಪ್ಯಾಕಿಂಗ್‌ನ ಕೊರತೆಯಿಂದಾದ ನಷ್ಟವನ್ನು ಹೊರಗಿಡಲಾಗಿದೆ. ವಿಳಂಬದಿಂದಾದ ನಷ್ಟಕ್ಕೂ ಪರಿಹಾರವಿಲ್ಲ. ವಿಳಂಬದ ಮೂಲ ಕಾರಣಕ್ಕೆ ವಿಮೆ ಇದ್ದರೂ ಇದೇ ನಿಯಮ ಅನ್ವಯಿಸುತ್ತದೆ.

(ಇ) ಖರೀದಿದಾರ: ಇನ್‌ಕೋಟರ್ಮ್ಸ್ 2020ರ ಅನ್ವಯ, ಪ್ಯಾಕಿಂಗ್ ಇಲ್ಲದೆಯೇ ಮಾರಾಟವಾಗುವ ಸರಕನ್ನು ಹೊರತುಪಡಿಸಿ, ಸಾಗಣೆಗೆ ಯೋಗ್ಯವಾದ ಪ್ಯಾಕಿಂಗ್ ಮಾಡುವುದು ಮಾರಾಟಗಾರನ ವೆಚ್ಚ ಮತ್ತು ಹೊಣೆ. ಕಾರ್ಖಾನೆಯ ಬಾಗಿಲಲ್ಲಿಯೇ ಸರಕನ್ನು ವಹಿಸಿಕೊಡುವ ‘ಎಕ್ಸ್ ವರ್ಕ್ಸ್’ ಷರತ್ತಿನಲ್ಲಿಯೂ ಇದು ತಪ್ಪುವುದಿಲ್ಲ.

ಮೇಲ್ಕಂಡ ಮೂರನ್ನೂ ಒಟ್ಟಾಗಿ ಪರಿಶೀಲಿಸಿದಲ್ಲಿ, ದೀರ್ಘವಾದ ಪ್ರಯಾಣವನ್ನು ತಾಳಲಾರದ ಪ್ಯಾಕಿಂಗ್‌ನ ನಷ್ಟವು ಅಂತಿಮವಾಗಿ ರಫ್ತುದಾರನ ಮೇಲೆಯೇ ಬೀಳುವ ಸಂಭವವು ಅಧಿಕವೆಂಬುದು ಸ್ಪಷ್ಟವಾಗುತ್ತದೆ. ಪ್ಯಾಕಿಂಗ್‌ನಲ್ಲಿ ಮಾಡಿದ ಉಳಿತಾಯವು ಇಲ್ಲಿ ಉಳಿತಾಯವಾಗಿ ಉಳಿಯುವುದಿಲ್ಲ.

ಮರದ ಪೆಟ್ಟಿಗೆ ಮತ್ತು ಸಸ್ಯ ಸಂಪರ್ಕ ನಿಷೇಧ ನಿಯಮ

1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮರಗಳನ್ನು ಕೊರೆಯುವ ಏಷ್ಯಾ ಮೂಲದ ಉದ್ದ ಮೀಸೆಯ ದುಂಬಿಯು ಪತ್ತೆಯಾಯಿತು. ಅದು ಪ್ಯಾಕಿಂಗ್ ಮರದ ಮೂಲಕ ಬಂದಿರಬೇಕೆಂದು ಭಾವಿಸಲಾಯಿತು. ಇಂತಹ ಅನುಭವಗಳ ನಂತರ 2002ರಲ್ಲಿ ಐ.ಎಸ್.ಪಿ.ಎಂ. 15 ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ಅಂಗೀಕರಿಸಲಾಯಿತು. ಇದರ ಅನ್ವಯ ತೊಗಟೆ ತೆಗೆದ ಮರದ ತಿರುಳು ಕನಿಷ್ಠ 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ನಿರಂತರವಾಗಿ 30 ನಿಮಿಷಗಳ ಕಾಲ ಇರುವಂತೆ ಕಾಯಿಸಬೇಕು, ಅಥವಾ ಅಂಗೀಕೃತವಾದ ಇತರ ಉಪಚಾರವನ್ನು ನೀಡಬೇಕು. ಪ್ಲೈವುಡ್ ಹಾಗೂ 6 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಮರಕ್ಕೆ ವಿನಾಯಿತಿ ಇದೆ.

ಉಪಚಾರವಾದ ಪೆಟ್ಟಿಗೆಯ ಮೇಲಿನ ಮುದ್ರೆಯೇ ಅದರ ಪ್ರಮಾಣ. ಮುದ್ರೆಯಲ್ಲಿ ತೆನೆಯ ಚಿಹ್ನೆ, ದೇಶದ ಸಂಕೇತ, ಉಪಚಾರ ಕೇಂದ್ರದ ಸಂಖ್ಯೆ ಮತ್ತು ಉಪಚಾರದ ಸಂಕೇತವಿರಬೇಕು. ಇದು ಕಾಣುವ ಸ್ಥಳದಲ್ಲಿ, ಆದ್ಯತೆಯ ಮೇರೆಗೆ ಪೆಟ್ಟಿಗೆಯ ಕನಿಷ್ಠ ಎರಡು ಎದುರು ಬದಿಗಳಲ್ಲಿ ಇರಬೇಕು; ಕೈಬರಹದಲ್ಲಿ ಇರತಕ್ಕದ್ದಲ್ಲ. ಪೆಟ್ಟಿಗೆಯೊಳಗೆ ಆಧಾರಕ್ಕೆಂದು ಕೊನೆಯ ಗಳಿಗೆಯಲ್ಲಿ ಸೇರಿಸುವ ಮರದ ತುಂಡುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಮುದ್ರೆಯಿಲ್ಲದ ಒಂದು ತುಂಡಿನಿಂದಾಗಿ ನಿರ್ದೋಷವಾದ ಯಂತ್ರವೂ ಬಂದರಿನಲ್ಲಿ ತಡೆಯಲ್ಪಟ್ಟು ಹಿಂದಿರುಗುವ ಸಂಭವವಿದೆ. ಭಾರತದಲ್ಲಿ ಉಪಚಾರ ಕೇಂದ್ರಗಳಿಗೆ ಮಾನ್ಯತೆ ನೀಡುವ ಪ್ರಾಧಿಕಾರವು ಕೇಂದ್ರ ಕೃಷಿ ಸಚಿವಾಲಯದ ಅಧೀನದಲ್ಲಿರುವ ಸಸ್ಯ ಸಂರಕ್ಷಣಾ ನಿರ್ದೇಶನಾಲಯವಾಗಿದೆ.

ರಫ್ತುದಾರರು ಗಮನಿಸಬೇಕಾದ ಅಂಶಗಳು

1. ಯಂತ್ರದ ಚಲಿಸುವ ಭಾಗಗಳನ್ನು ಬಿಗಿದು, ಯಂತ್ರವನ್ನು ಪೆಟ್ಟಿಗೆಯ ತಳಕ್ಕೆ ಬೋಲ್ಟ್‌ಗಳಿಂದ ಭದ್ರಪಡಿಸಬೇಕು. ಯಂತ್ರದ ಭಾರವನ್ನು ತಳದ ತೊಲೆಗಳು ಹೊರಬೇಕೇ ಹೊರತು ಪಕ್ಕದ ಹಲಗೆಗಳಲ್ಲ.

2. ಗುರುತ್ವ ಕೇಂದ್ರ ಹಾಗೂ ಸರಪಳಿ ಹಾಕುವ ಸ್ಥಾನಗಳನ್ನು ಹೊರಭಾಗದಲ್ಲಿ ಚಿತ್ರಸಂಕೇತಗಳ ಮೂಲಕ ಗುರುತಿಸಬೇಕು. ಬಂದರಿನ ಕಾರ್ಮಿಕರು ಭಾಷೆಯನ್ನು ಅರಿಯದಿದ್ದರೂ ಸಂಕೇತವನ್ನು ಅರಿಯುತ್ತಾರೆ.

3. ಆಘಾತ ಸೂಚಕಗಳು ಯಂತ್ರವನ್ನು ರಕ್ಷಿಸುವುದಿಲ್ಲ. ಅವು ಸಾಕ್ಷ್ಯವನ್ನು ಮಾತ್ರ ಒದಗಿಸುತ್ತವೆ. ಸೂಚಕವು ಬಣ್ಣ ಬದಲಿಸಿದ್ದಲ್ಲಿ, ಸರಕು ಸ್ವೀಕರಿಸುವಾಗಲೇ ರಸೀದಿಯಲ್ಲಿ ಷರಾ ಬರೆಯುವಂತೆ ಖರೀದಿದಾರನಿಗೆ ಮುಂಚಿತವಾಗಿ ತಿಳಿಸಬೇಕು.

4. 2016ರ ಜುಲೈ 1ರಿಂದ, ತುಂಬಿದ ಕಂಟೇನರಿನ ದೃಢೀಕೃತ ಒಟ್ಟು ತೂಕವನ್ನು ಘೋಷಿಸದೆ ಅದನ್ನು ಹಡಗಿಗೆ ಏರಿಸುವಂತಿಲ್ಲ. ಪೆಟ್ಟಿಗೆ ಮತ್ತು ಆಧಾರದ ಮರದ ತೂಕವೂ ಈ ಲೆಕ್ಕಕ್ಕೆ ಸೇರಬೇಕು.

5. ಪ್ಯಾಕಿಂಗ್‌ನ ಪ್ರತಿ ಹಂತದ ಛಾಯಾಚಿತ್ರಗಳನ್ನು ದಿನಾಂಕ ಸಹಿತ ಕಡತದಲ್ಲಿ ಇರಿಸಬೇಕು. ಪ್ಯಾಕಿಂಗ್ ಸಮರ್ಪಕವಾಗಿತ್ತೆಂದು ಸಾಬೀತುಪಡಿಸುವ ಸಂದರ್ಭ ಒದಗಿದಲ್ಲಿ ಇವು ಆಧಾರವಾಗುತ್ತವೆ.

6. ವಿಮಾ ಪಾಲಿಸಿಯ ಹೊರಗಿಡುವಿಕೆಯ ಷರತ್ತುಗಳನ್ನು ಸರಕು ಹೊರಡುವ ಮುನ್ನವೇ ಓದಿ, ಸಂದೇಹಗಳನ್ನು ಲಿಖಿತವಾಗಿ ಪರಿಹರಿಸಿಕೊಳ್ಳುವುದು ಸೂಕ್ತ.

ಉಪಸಂಹಾರ

ದರಪಟ್ಟಿ ಸಲ್ಲಿಸುವ ಹಂತದಲ್ಲಿಯೇ ಪ್ಯಾಕಿಂಗ್ ವೆಚ್ಚವನ್ನು ಪ್ರತ್ಯೇಕ ಬಾಬಾಗಿ ನಮೂದಿಸಿದಲ್ಲಿ, ನಂತರ ಅದನ್ನು ಕಡಿತಗೊಳಿಸುವ ಒತ್ತಡವು ತಪ್ಪುತ್ತದೆ. ಪ್ಯಾಕಿಂಗ್ ಸಂಬಂಧಿತ ತರಬೇತಿ ಮತ್ತು ಪರೀಕ್ಷೆಗಾಗಿ 1966ರಲ್ಲಿ ಸ್ಥಾಪಿತವಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಯನ್ನು, ರಫ್ತು ಮಾರ್ಗದರ್ಶನಕ್ಕಾಗಿ ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವನ್ನು ಉದ್ಯಮಿಗಳು ಸಂಪರ್ಕಿಸಬಹುದಾಗಿದೆ. ಮೊದಲ ಬಾರಿಗೆ ರಫ್ತಿಗೆ ಮುಂದಾಗುವ ಘಟಕಗಳು ಈ ವಿಚಾರಣೆಯನ್ನು ಆದೇಶ ಒಪ್ಪಿಕೊಳ್ಳುವ ಮುನ್ನವೇ ನಡೆಸುವುದು ಹಿತಕರ.