ಅಂಗಳಕ್ಕೆ ಕಲ್ಲು ಸುರಿಯುವ ಮೊದಲು

ನಮ್ಮ ಮನೆಯ ಅಂಗಳಕ್ಕೆ ಸಿಮೆಂಟು ಬಿದ್ದದ್ದು ನಾನು ಏಳನೇ ಕ್ಲಾಸಿನಲ್ಲಿರುವಾಗ. ಅದಕ್ಕೆ ಮೊದಲು ಇದ್ದದ್ದು ಮಣ್ಣಿನ ಅಂಗಳ. ಮಳೆಗಾಲಕ್ಕೆ ಮಣ್ಣು ಕೊಚ್ಚಿ ಹೋಗದಂತೆ ಅಡಿಕೆ ಸೋಗೆ ಹಾಸಬೇಕು. ಮಳೆ ಬಿಟ್ಟ ಮೇಲೆ ಸೋಗೆ ತೆಗೆದು, ಕೆತ್ತಿ, ನೀರು ಹಾಕಿ, ಬಡಿದು, ಸೆಗಣಿ ಸಾರಿಸಬೇಕು. ಪ್ರತಿ ವರ್ಷವೂ ಇದೇ ಕೆಲಸ. ಸಿಮೆಂಟು ಹಾಕಿದ ದಿನ ಅಮ್ಮ, "ಇನ್ನು ನನ್ನ ಸೊಂಟ ಉಳಿಯಿತು" ಅಂದಿದ್ದರು.

ಈಗ ಆ ಸಿಮೆಂಟು ಹಳತಾಗಿದೆ. ಅಲ್ಲಲ್ಲಿ ಬಿರುಕು. ಜೂನ್ ಕಳೆದರೆ ಹಾವಸೆ ಹಿಡಿದು ಜಾರುತ್ತದೆ. ಕಳೆದ ಮಳೆಗಾಲ ಅಮ್ಮ ಅಲ್ಲೇ ಜಾರಿ ಬಿದ್ದು ಕೈ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ಅದರ ನಂತರ ಕೋಲು ಹಿಡಿದೇ ನಡೆಯುತ್ತಾರೆ.

ಗಲ್ಫ್‌ನಲ್ಲಿರುವ ಅಣ್ಣ ಒಂದು ವಿಡಿಯೋ ಕಳಿಸಿದ. ಹಳೆಯ ಸಿಮೆಂಟಿನ ಮೇಲೆ ಬಿಳಿ ಉರುಟು ಕಲ್ಲು ಸುರಿದು ಹರಡಿದ್ದಾರೆ. ನೋಡಲಿಕ್ಕೆ ರೆಸಾರ್ಟಿನ ಹಾಗೆ. "ಒಡೆಯುವುದು ಎಂತಕ್ಕೆ ಮಾರಾಯ? ಮೇಲಿಂದ ಕಲ್ಲು ಹಾಕಿದರೆ ಆಯ್ತು, ಎರಡು ದಿನದ ಕೆಲಸ" ಅಂದ. ನಾನೂ ಮೊದಲು ಹೂಂ ಅಂದೆ. ಆಮೇಲೆ ಹೀಗೆ ಮಾಡಿಸಿದ ನಾಲ್ಕು ಮನೆ ನೋಡಿ ಬಂದೆ, ಮೇಸ್ತ್ರಿಯ ಹತ್ತಿರ ಮಾತಾಡಿದೆ. ಈಗ ನನ್ನ ಅಭಿಪ್ರಾಯ ಇಷ್ಟು: ನಮ್ಮ ಊರಿನಲ್ಲಿ ಇಡೀ ಅಂಗಳಕ್ಕೆ ಬಿಡಿ ಕಲ್ಲು ಸುರಿಯುವುದು ತಪ್ಪು.

ಮೊದಲನೆಯದು, ನಡಿಗೆ. ಉರುಟು ಕಲ್ಲು ಗಟ್ಟಿ ಸಿಮೆಂಟಿನ ಮೇಲೆ ಕಾಲಿನಡಿ ಉರುಳುತ್ತದೆ. ಒಂದಕ್ಕೊಂದು ಹಿಡಿದುಕೊಳ್ಳುವುದು ಮೂಲೆ ಇರುವ ಜಲ್ಲಿ, ಉರುಟು ಕಲ್ಲಲ್ಲ. ದಪ್ಪ ಹಾಕಿದರೆ ಕಾಲು ಹೂಳುತ್ತದೆ, ತೆಳು ಹಾಕಿದರೆ ಸಿಮೆಂಟು ಕಾಣುತ್ತದೆ. ಕೋಲು ಹಿಡಿದವರಿಗೆ, ಗಾಲಿಕುರ್ಚಿಯವರಿಗೆ ಎರಡೂ ಕಷ್ಟ. ಜಾರುತ್ತದೆಂದು ಹಾಕಿದ ಕಲ್ಲೇ ಎಡವಿಸಿದರೆ ಲಾಭ ಏನು?

ಎರಡನೆಯದು, ನೀರು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ. 500 ಚದರಡಿ ಅಂಗಳದ ಮೇಲೆ ಬೀಳುವ ನೀರು ಲೆಕ್ಕ ಹಾಕಿದರೆ ಸುಮಾರು 1 ಲಕ್ಷ 60 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ 32 ಟ್ಯಾಂಕರ್! ಕಲ್ಲು ಹಾಕಿದ ಮಾತ್ರಕ್ಕೆ ಈ ನೀರು ಭೂಮಿಗೆ ಇಳಿಯುವುದಿಲ್ಲ, ಯಾಕೆಂದರೆ ಅಡಿಯಲ್ಲಿ ಸಿಮೆಂಟು ಹಾಗೇ ಇದೆ. ಸಿಮೆಂಟು ಎಲ್ಲಿ ತಗ್ಗಾಗಿದೆಯೋ ಅಲ್ಲಿ ಕಲ್ಲಿನಡಿ ನೀರು ನಿಲ್ಲುತ್ತದೆ, ಬಿಸಿಲು ತಾಗದೆ ಬೇಗ ಒಣಗುವುದಿಲ್ಲ. ಇಳಿಜಾರು ಮನೆಯ ಕಡೆಗಿದ್ದರೆ ಗೋಡೆಗೆ ತೇವ ಏರುತ್ತದೆ. ಮೊದಲು ಇವು ಕಣ್ಣಿಗೆ ಕಾಣುತ್ತಿದ್ದವು, ಈಗ ಮುಚ್ಚಿಹೋದವು, ಅಷ್ಟೇ.

ಮೂರನೆಯದು, ಕೆಲಸ. ನಮಗೆ ಅಂಗಳ ನೋಡಲಿಕ್ಕೆ ಮಾತ್ರ ಇರುವುದಲ್ಲ. ಚಾಲಿ ಅಡಿಕೆಗೆ ಒಂದೂವರೆ ತಿಂಗಳು ಬಿಸಿಲು ಬೇಕು. ಕಲ್ಲಿನ ಮೇಲೆ ಅಡಿಕೆ ಹರಡುವುದು ಹೇಗೆ, ಬಾಚುವುದು ಹೇಗೆ? ಹಲಸಿನ ಎಲೆ, ಮಾವಿನ ಎಲೆ ಬಿದ್ದರೆ ಹಿಡಿಸೂಡಿಯಲ್ಲಿ ಗುಡಿಸಿದಾಗ ಎಲೆಯ ಜೊತೆ ಕಲ್ಲೂ ಬರುತ್ತದೆ. ಗುಡಿಸದೆ ಬಿಟ್ಟರೆ ಎಲೆ ಕೊಳೆತು ಮಣ್ಣಾಗಿ, ಎರಡು ಮಳೆಗಾಲದಲ್ಲಿ ಹುಲ್ಲು ಏಳುತ್ತದೆ. ನಾನು ನೋಡಿದ ನಾಲ್ಕು ಮನೆಗಳಲ್ಲಿ ಮೂರರಲ್ಲಿ ಬಿಳಿ ಕಲ್ಲು ಈಗ ಬಿಳಿಯಾಗಿಲ್ಲ. ಕೆಂಪು ಮಣ್ಣು, ಹಾವಸೆ ಸೇರಿ ಅದಕ್ಕೆ ಬೇರೆಯೇ ಬಣ್ಣ.

ನದಿ ಬದಿಯವರಿಗೆ ಇನ್ನೊಂದು ಮಾತು. ನೇತ್ರಾವತಿ 1923ರಲ್ಲಿ, 1974ರಲ್ಲಿ ಏರಿದ ಕಥೆ ಹಿರಿಯರಿಂದ ಕೇಳಿದ್ದೇವೆ. 2019ರದ್ದನ್ನು ನಾವೇ ನೋಡಿದ್ದೇವೆ. ಆಲಡ್ಕದಂಥ ತಗ್ಗಿನ ಕಡೆ ನೆರೆ ಇಳಿದ ಮೇಲೆ ಉಳಿಯುವುದು ಕೆಸರು. ಸಿಮೆಂಟು ಅಂಗಳವಾದರೆ ಗೋರಿ, ತೊಳೆದು ಮುಗಿಸಬಹುದು. ಕಲ್ಲಿನ ಸಂದಿಗೆ ಇಳಿದ ಕೆಸರನ್ನು ತೆಗೆಯಲಿಕ್ಕೆ ಇಡೀ ಕಲ್ಲನ್ನೇ ಎತ್ತಬೇಕು.

"ಹೊಳೆಯಿಂದ ನಾಲ್ಕು ಬುಟ್ಟಿ ತಂದರಾಯಿತು" ಎನ್ನುವವರೂ ಇದ್ದಾರೆ. ಮರಳಿನ ಹಾಗೆ ಜಲ್ಲಿಕಲ್ಲೂ ಕಾನೂನಿನಲ್ಲಿ ಉಪಖನಿಜ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಇಲ್ಲದೆ ಪಿಕಪ್ಪಿನಲ್ಲಿ ತುಂಬಿಸಿ ತರುವಂತಿಲ್ಲ. ಮರಳು ಲಾರಿಯವರನ್ನು ಬೈಯುವ ನಾವು ನಮ್ಮ ಅಂಗಳದ ಚಂದಕ್ಕೆ ಅದೇ ಕೆಲಸ ಮಾಡಬಾರದು.

ಅಣ್ಣನ ಮಾತಿನಲ್ಲೂ ಸತ್ಯ ಇದೆ. ಇಡೀ ಸಿಮೆಂಟು ಒಡೆಸುವುದು ದುಬಾರಿ. ಒಡೆದ ತುಂಡು ಎಲ್ಲಿ ಹಾಕುವುದೆಂಬ ತಲೆನೋವು ಬೇರೆ. ಆದರೆ ಕಲ್ಲು ಹೊರೆಸುವುದೂ ಸಣ್ಣ ಕೆಲಸವಲ್ಲ. 500 ಚದರಡಿಗೆ ಎರಡು ಇಂಚು ದಪ್ಪ ಅಂದರೆ ಸುಮಾರು 83 ಘನ ಅಡಿ. ಯುನಿಟ್ ಲೆಕ್ಕದಲ್ಲಿ ಒಂದಕ್ಕೆ ಸ್ವಲ್ಪ ಕಡಿಮೆ, ತೂಕದಲ್ಲಿ ಮೂರೂವರೆ ಟನ್ ಹತ್ತಿರ.

ಕೊನೆಗೆ ನಾವು ಮಧ್ಯದ ದಾರಿ ಹಿಡಿದೆವು. ಅಂಗಳಕ್ಕೆ ಒಂದು ಬಕೆಟ್ ನೀರು ಸುರಿದು ಅದು ಎತ್ತ ಹೋಗುತ್ತದೆಂದು ನೋಡಿದೆವು. ತಗ್ಗಿನ ಬದಿಯಲ್ಲಿ ಎರಡಡಿ ಅಗಲ ಮಾತ್ರ ಸಿಮೆಂಟು ಒಡೆಸಿ ಕಣಿ ತೆಗೆಸಿದೆವು. ಒಡೆದ ತುಂಡನ್ನೇ ಕಣಿಯ ಅಡಿಗೆ ಹಾಕಿ, ಮೇಲಿಂದ ಜಲ್ಲಿ ತುಂಬಿಸಿದೆವು. ಅಂಗಳದ ನೀರು ಈಗ ಅಲ್ಲೇ ಇಂಗುತ್ತದೆ, ಹೆಚ್ಚಾದದ್ದು ತೋಟದ ಕಡೆ ಹೋಗುತ್ತದೆ. ಬಾಗಿಲಿನಿಂದ ಗೇಟಿನವರೆಗೆ ಅಮ್ಮ ನಡೆಯುವ ದಾರಿಯ ಹಾವಸೆ ತಿಕ್ಕಿ ತೆಗೆದು, ಬಿರುಕು ಮುಚ್ಚಿ, ಕಾಲು ಹಿಡಿಯುವಂತೆ ಒರಟಾಗಿ ಗಾರೆ ಹಾಕಿಸಿದೆವು. ಉಳಿದ ಅಂಗಳ ಅಡಿಕೆಗೆ.

ಬಿಡಿ ಕಲ್ಲಿಗೂ ಜಾಗ ಸಿಕ್ಕಿತು. ಮಾಡಿನ ನೀರು ಬೀಳುವ ಗೋಡೆಯ ಬದಿಗೆ ಒಂದೂವರೆ ಅಡಿ ಅಗಲಕ್ಕೆ ಹಾಕಿದೆವು, ಹೊರಗೆ ಹರಡದಂತೆ ಕೆಂಪುಕಲ್ಲಿನ ಅಂಚು ಕಟ್ಟಿದೆವು. ಗೋಡೆಗೆ ಕೆಸರು ಹಾರುವುದು ನಿಂತಿತು. ಅಲ್ಲಿ ಯಾರೂ ನಡೆಯುವುದಿಲ್ಲ, ಗುಡಿಸಲಿಕ್ಕೂ ಇಲ್ಲ. ಹತ್ತು ಘನ ಅಡಿ ಕಲ್ಲು ಸಾಕಾಯಿತು.

ಅಣ್ಣನಿಗೆ ಫೋಟೊ ಕಳಿಸಿದೆ. "ಇದು ರೆಸಾರ್ಟಿನ ಹಾಗೆ ಕಾಣುವುದಿಲ್ಲವಲ್ಲ" ಅಂದ. ಕಾಣುವುದಿಲ್ಲ ನಿಜ. ಆದರೆ ಈ ಮಳೆಗಾಲ ಅಮ್ಮ ಬೆಳಿಗ್ಗೆ ಗೇಟಿನವರೆಗೆ ಹೋಗಿ ಪೇಪರು ತಂದದ್ದು ಯಾರ ಕೈಯೂ ಹಿಡಿಯದೆ.

ನಿಮ್ಮ ಮನೆಗೂ ಇಂಥ ವಿಡಿಯೋ ಬಂದಿರಬಹುದು. ಪಿಕಪ್ ಬಂದು ಕಲ್ಲು ಸುರಿಯುವ ಮೊದಲು ಒಂದು ಬಕೆಟ್ ನೀರು ಸುರಿದು ನೋಡಿ. ಆಮೇಲೆ ಆ ಅಂಗಳದಲ್ಲಿ ದಿನಕ್ಕೆ ಹತ್ತು ಸಲ ನಡೆಯುವವರು ಯಾರೋ, ಅವರನ್ನು ಒಂದು ಮಾತು ಕೇಳಿ. ಹೆಚ್ಚಿನ ಮನೆಗಳಲ್ಲಿ ಅವರನ್ನು ಯಾರೂ ಕೇಳಿರುವುದಿಲ್ಲ.