ಸಣ್ಣ ನಾಯಿಗೆ ಅರ್ಧ ಗುಳಿಗಿ ಸಾಕೇನ್ರಿ?

ನಮ್ಮ ಚಿಕ್ಕೋಡಿ, ನಿಪ್ಪಾಣಿ ಕಡೆ ಮೆಡಿಕಲ್ ಅಂಗಡಿ ಮುಂದೆ ನಿಂತವರಿಗೆ ಈ ಮಾತು ಹೊಸದಲ್ಲ. "ಕಾಕಾ, ನಾಯಿ ಮೈ ಬಿಸಿ ಆಗೇತ್ರಿ, ಏನರ ಕೊಡ್ರಿ." ಒಳಗಿನಿಂದ ಉತ್ತರ: "ಸಣ್ಣ ನಾಯಿ ಏನು? ಹಂಗಾರ ಅರ್ಧ ಗುಳಿಗಿ ಹಾಕು."

ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ನಮ್ಮ ತಾಲೂಕುಗಳಲ್ಲಿ ಪಶು ದವಾಖಾನೆ ಇದೆ, ಆದರೆ ಅಲ್ಲಿನ ಡಾಕ್ಟರರ ದಿನವೆಲ್ಲ ಎಮ್ಮೆ, ಆಕಳು, ಆಡುಗಳಲ್ಲೇ ಕಳೆದುಹೋಗುತ್ತದೆ. ನಾಯಿಗೆಂದೇ ಇರುವ ಕ್ಲಿನಿಕ್ ಬೇಕೆಂದರೆ ಬೆಳಗಾವಿಗೆ ಹೋಗಬೇಕು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಕಾಗವಾಡದವರು ಮಿರಜ್-ಸಾಂಗ್ಲಿಗೆ ಓಡುತ್ತಾರೆ. ಇನ್ನೊಂದು ಕಡೆ ಪುಣೆ, ಬೆಂಗಳೂರಲ್ಲಿ ಕೆಲಸ ಮಾಡುವ ನಾವು ಆಸೆಪಟ್ಟು ಪೊಮೆರೇನಿಯನ್, ಪಗ್, ಶಿಟ್ಜು ತರುತ್ತೇವೆ. ಆಮೇಲೆ ಫ್ಲಾಟ್‌ನಲ್ಲಿ ಸಾಕಲು ಆಗದೆ ಊರಲ್ಲಿ ಅಪ್ಪ-ಅವ್ವನ ಹತ್ತಿರ ಬಿಡುತ್ತೇವೆ. ಅದಕ್ಕೆ ಹುಷಾರಿಲ್ಲ ಅಂದಾಗ ಫೋನ್ ಬರುವುದು ನಮಗೇ.

ಹೋದ ಮಳೆಗಾಲದಲ್ಲಿ ರಾಯಬಾಗದ ನಮ್ಮ ಅತ್ತಿ ರಾತ್ರಿ ಫೋನ್ ಮಾಡಿದರು. "ತಮ್ಮಾ, ನಾಯಿ ಕುಂಟಾಕತ್ತೈತಿ. ನನ್ನ ಮೊಣಕಾಲ ಗುಳಿಗಿ ಐತಿ, ಅರ್ಧ ಹಾಕ್ಲೇನು?" ಪಟ್ಟಿಯ ಫೋಟೋ ಕಳಿಸಲು ಹೇಳಿದೆ. ಒಂದು ಗುಳಿಗೆಯಲ್ಲಿ ಐಬುಪ್ರೊಫೆನ್ 400 ಮಿ.ಗ್ರಾಂ., ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ನಾಯಿಯ ತೂಕ 4 ಕೆ.ಜಿ. "ಬ್ಯಾಡ ಅತ್ತಿ, ಮುಂಜಾನೆತನಕ ಏನೂ ಹಾಕಬ್ಯಾಡ್ರಿ" ಅಂದೆ. ಮರುದಿನ ಪಶು ಡಾಕ್ಟರು ಪಂಜದಿಂದ ಒಂದು ಜಾಲಿ ಮುಳ್ಳು ತೆಗೆದರು. ಐದು ನಿಮಿಷದ ಕೆಲಸ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಅರುವತ್ತು ಕೆ.ಜಿ. ತೂಕದ ಮನುಷ್ಯ ಆ ಗುಳಿಗೆ ಪೂರ್ತಿ ನುಂಗಿದರೆ ಪ್ರತಿ ಕೆ.ಜಿ.ಗೆ ಸುಮಾರು 7 ಮಿ.ಗ್ರಾಂ. ಐಬುಪ್ರೊಫೆನ್ ಸಿಗುತ್ತದೆ. 4 ಕೆ.ಜಿ. ನಾಯಿಗೆ ಅರ್ಧ ಹಾಕಿದರೂ ಕೆ.ಜಿ.ಗೆ 50 ಮಿ.ಗ್ರಾಂ. ಆಯಿತು. ನಾಯಿಯಲ್ಲಿ ವಾಂತಿ, ಹೊಟ್ಟೆಯ ತೊಂದರೆ ಶುರುವಾಗಲು 25ರ ಆಸುಪಾಸು ಸಾಕು. ಇನ್ನೂ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೂತ್ರಪಿಂಡ ಕೆಡುತ್ತದೆ. "ಅರ್ಧ" ಎಂಬ ಮಾತು ಕಡಿಮೆ ಅನ್ನಿಸುತ್ತದೆ, ಅಷ್ಟೇ.

ಹಾಗಾದರೆ ತೂಕಕ್ಕೆ ತಕ್ಕಂತೆ ಚೂರು ಮಾಡಿ ಕೊಟ್ಟರೆ? ಅದೂ ನಡೆಯುವುದಿಲ್ಲ. ಮೈಗ್ರೇನ್‌ಗೆ ನಮ್ಮಲ್ಲಿ ಹಲವರು ತೆಗೆದುಕೊಳ್ಳುವ ನ್ಯಾಪ್ರೊಕ್ಸೆನ್ ನೋಡಿ. ದೇಹದಲ್ಲಿರುವ ಔಷಧಿ ಅರ್ಧಕ್ಕೆ ಇಳಿಯಲು ಮನುಷ್ಯರಲ್ಲಿ ಸುಮಾರು 12ರಿಂದ 17 ಗಂಟೆ ಹಿಡಿದರೆ, ನಾಯಿಯಲ್ಲಿ ಸುಮಾರು 74 ಗಂಟೆ. ಇವತ್ತಿನದು ಇಳಿಯುವ ಮೊದಲೇ ನಾಳೆಯದು ಮೇಲೆ ಕೂರುತ್ತದೆ. ನಾಯಿ ಅಂದರೆ ಸಣ್ಣ ಸೈಜಿನ ಮನುಷ್ಯ ಅಲ್ಲ.

ಜ್ವರ ಅಂತ ಡೋಲೊ?

ನಾಯಿಯ ಮೈ ನಮಗಿಂತ ಬಿಸಿ. ನಮಗೆ 98.6 ಡಿಗ್ರಿ ಫ್ಯಾರನ್‌ಹೀಟ್ ಸಹಜವಾದರೆ ನಾಯಿಗೆ 101ರಿಂದ 102.5 ಸಹಜ. ಕೈಯಿಟ್ಟು ನೋಡಿ "ಸುಡಾಕತ್ತೈತಿ" ಅನ್ನುವ ಅರ್ಧ ನಾಯಿಗಳಿಗೆ ಜ್ವರವೇ ಇರಲಿಕ್ಕಿಲ್ಲ. ಮೂಗು ಒಣಗಿದ್ದರೂ ಜ್ವರ ಎಂದಲ್ಲ.

650ರ ಒಂದು ಪ್ಯಾರಾಸಿಟಮಾಲ್ ಗುಳಿಗೆ 4 ಕೆ.ಜಿ. ನಾಯಿಗೆ ಕೆ.ಜಿ.ಗೆ 160 ಮಿ.ಗ್ರಾಂ. ದಾಟುತ್ತದೆ. ನಾಯಿಗೆ ವಿಷವಾಗುವುದು ಸುಮಾರು 100ರ ಹತ್ತಿರ. ಆಗ ಯಕೃತ್ತು ಕೆಡುತ್ತದೆ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುವುದು, ಮುಖ ಊದುವುದು ಇದರ ಗುರುತು. ಮನೆಯಲ್ಲಿ ಬೆಕ್ಕಿದ್ದರೆ ಇನ್ನೂ ಎಚ್ಚರ: ಬೆಕ್ಕಿಗೆ ಒಂದು ಚೂರು ಪ್ಯಾರಾಸಿಟಮಾಲ್ ಕೂಡ ಪ್ರಾಣಕ್ಕೆ ಬರಬಹುದು.

ರಣಹದ್ದು ಕಲಿಸಿದ ಪಾಠ

ಒಂದು ಪ್ರಾಣಿಯ ಔಷಧಿ ಇನ್ನೊಂದಕ್ಕೆ ವಿಷ ಎಂಬುದನ್ನು ನಮ್ಮ ದೇಶ ದುಬಾರಿ ಬೆಲೆ ಕೊಟ್ಟು ಕಲಿತಿದೆ. ದನಗಳಿಗೆ ನೋವಿಗೆಂದು ಡೈಕ್ಲೋಫೆನಾಕ್ ಕೊಡುತ್ತಿದ್ದರು. ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಮೂರು ಜಾತಿಯ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಇಲ್ಲವಾದವು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿ ದನದ ಕೊಟ್ಟಿಗೆಗೆ ಹೋಗುತ್ತಲೇ ಇತ್ತು. ಅದಕ್ಕೇ 2015ರಲ್ಲಿ ಇಂಜೆಕ್ಷನ್ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಿದರು. ಉಳಿದ ಹದ್ದುಗಳಿಗಾಗಿ ನಮ್ಮ ರಾಜ್ಯದಲ್ಲಿ 2012ರಲ್ಲಿ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು.

ದನಗಳಿಗೆ ಡೈಕ್ಲೋಫೆನಾಕ್ ಬದಲು ಬಂದ ಔಷಧಿಗಳಲ್ಲಿ ಮೆಲೊಕ್ಸಿಕ್ಯಾಮ್ ಮುಖ್ಯವಾದದ್ದು. ಇದನ್ನು ಪಶುವೈದ್ಯರು ನಾಯಿಗೂ ಬರೆಯುತ್ತಾರೆ. ಆದರೆ ದಿನದ ಪ್ರಮಾಣ ಕೆ.ಜಿ.ಗೆ 0.1 ಮಿ.ಗ್ರಾಂ. ಮಾತ್ರ (ಮೊದಲ ದಿನ 0.2). ಅಂದರೆ 4 ಕೆ.ಜಿ. ನಾಯಿಗೆ 0.4 ಮಿ.ಗ್ರಾಂ. ಮನುಷ್ಯರ ಗುಳಿಗೆ ಬರುವುದು 7.5 ಅಥವಾ 15 ಮಿ.ಗ್ರಾಂ.ನಲ್ಲಿ! ಹೆಸರು ಒಂದೇ ಎಂದು ಮೆಡಿಕಲ್‌ನಿಂದ 15ರ ಗುಳಿಗೆ ತಂದರೆ ಮೂವತ್ತೇಳು ಪಟ್ಟು ಜಾಸ್ತಿ.

ಕಣ್ಣಿಗೆ ಬೀಳದ ಅಪಾಯಗಳು

ತುರಿಕೆಗೆ ಪಶುವೈದ್ಯರು ಕೆಲವೊಮ್ಮೆ ಸೆಟ್ರಿಜಿನ್ ಹೇಳುತ್ತಾರೆ. ಆದರೆ ನೆಗಡಿಯ ಗುಳಿಗೆಗಳಲ್ಲಿ ಸೆಟ್ರಿಜಿನ್ ಜೊತೆ ಪ್ಯಾರಾಸಿಟಮಾಲ್, ಮೂಗು ಬಿಡಿಸುವ ಔಷಧಿಯೂ ಬೆರೆತಿರುತ್ತದೆ. ಪಟ್ಟಿಯ ಹಿಂಭಾಗ ಓದದೆ ಕೊಡಬೇಡಿ. ನಿಮ್ಮ ಸೊಂಟಕ್ಕೆ ಹಚ್ಚಿದ ಡೈಕ್ಲೋಫೆನಾಕ್ ಜೆಲ್ ಅನ್ನು ನಾಯಿ ನೆಕ್ಕದಿರಲಿ. ಸಕ್ಕರೆ ರಹಿತ ಸಿರಪ್, ಚ್ಯೂಯಿಂಗ್ ಗಮ್‌ಗಳಲ್ಲಿ ಕ್ಸೈಲಿಟಾಲ್ ಇರಬಹುದು; ಅದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ-ಒಂದು ತಾಸಿನಲ್ಲೇ ಕುಸಿಯುವಂತೆ ಮಾಡಬಲ್ಲದು.

ಆಗಲೇ ನುಂಗಿದ್ದರೆ?

ಲಕ್ಷಣ ಬರಲಿ ಅಂತ ಕಾಯಬೇಡಿ. ಯಾವ ಗುಳಿಗೆ, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು ಎಂಬ ನಾಲ್ಕು ವಿವರ, ಜೊತೆಗೆ ಪಟ್ಟಿಯ ಫೋಟೋ ಪಶುವೈದ್ಯರಿಗೆ ಕಳಿಸಿ ಹೊರಡಿ. ಮೊದಲ ಒಂದೆರಡು ತಾಸಿನಲ್ಲಾದರೆ ಡಾಕ್ಟರು ಸುರಕ್ಷಿತವಾಗಿ ವಾಂತಿ ಮಾಡಿಸಿ ಬಹುಪಾಲು ಹೊರಗೆ ತೆಗೆಯಬಲ್ಲರು. ಪ್ಯಾರಾಸಿಟಮಾಲ್‌ಗೆ ಮನುಷ್ಯರಿಗೆ ಕೊಡುವ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವೇ ನಾಯಿಗೂ ಇದೆ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಉಪ್ಪೇ ವಿಷವಾಗುತ್ತದೆ. ಹಾಲು ಕುಡಿಸಿದರೆ ಇಳಿಯುತ್ತದೆ ಎಂಬುದೂ ಸುಳ್ಳು. ಕಪ್ಪು ಡಾಂಬರಿನಂಥ ಮಲ, ಪದೇಪದೇ ವಾಂತಿ, ಮೂತ್ರ ನಿಲ್ಲುವುದು ಕಂಡರೆ ಒಂದು ಗಳಿಗೆಯೂ ತಡ ಮಾಡಬೇಡಿ.

ಈ ವಾರ ಊರಿಗೆ ಹೋದವರು ಒಂದು ಕೆಲಸ ಮಾಡಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ನಿಮ್ಮ ತೂಕ ಕಳೆಯಿರಿ. ಆ ಅಂಕಿ, ಪಶು ದವಾಖಾನೆ ಡಾಕ್ಟರರ ನಂಬರ್, ಹತ್ತಿರದ ಪೇಟೆಯ ಒಂದು ಕ್ಲಿನಿಕ್ ನಂಬರ್, ಪಶು ಸಹಾಯವಾಣಿ 1962 ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಕೆಳಗೆ ಇನ್ನೊಂದು ಸಾಲು ಸೇರಿಸಿ: "ಅವ್ವಾ, ಕೇಳದ ಗುಳಿಗಿ ಹಾಕಬ್ಯಾಡ."