ಹೆಸರಿನ ಹಿಂದಿನ ‘ಏಕೆ?’

ದತ್ತು ಮಗು ತನ್ನ ಮೂಲವನ್ನು ವಿಚಾರಿಸಿದರೆ ಸಾಕಿದವರ ಪ್ರೀತಿಯೇ ಸೋತಿತೆಂದು ಭಾವಿಸುವವರು ನಮ್ಮ ಕುಟುಂಬಗಳಲ್ಲಿ ಕಡಿಮೆಯೇನಲ್ಲ. ಇಂಗ್ಲೆಂಡಿನ ಕವಿ ಲೆಮ್ ಸಿಸೇ ಅವರ ಬದುಕು ಈ ಭಾವನೆಯನ್ನು ಮರುಪರಿಶೀಲಿಸುವಂತೆ ನಮ್ಮನ್ನು ಒತ್ತಾಯಿಸುತ್ತದೆ.

1966ರಲ್ಲಿ ಇಥಿಯೋಪಿಯದಿಂದ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಬಂದ ಅವಿವಾಹಿತ ತರುಣಿಯೊಬ್ಬಳು ಮರುವರ್ಷ ವಿಗನ್ ಪಟ್ಟಣದ ಬಳಿ ಗಂಡುಮಗುವಿಗೆ ಜನ್ಮವಿತ್ತಳು. ಓದು ಮುಗಿಯುವವರೆಗೆ ಮಾತ್ರ ಮಗುವನ್ನು ಯಾರಾದರೂ ನೋಡಿಕೊಳ್ಳಲಿ ಎಂಬುದು ಆಕೆಯ ಕೋರಿಕೆಯಾಗಿತ್ತು. ದತ್ತು ಪತ್ರಕ್ಕೆ ಆಕೆ ಸಹಿ ಹಾಕಲಿಲ್ಲ. ಆದರೆ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ಮಗುವಿಗೆ ನಾರ್ಮನ್ ಎಂದು ಬೇರೆ ಹೆಸರಿಟ್ಟು, ಬಿಳಿಯ ಬ್ಯಾಪ್ಟಿಸ್ಟ್ ಕುಟುಂಬವೊಂದಕ್ಕೆ ಒಪ್ಪಿಸಿ, ಇದನ್ನು ದತ್ತು ಎಂದೇ ತಿಳಿಯಿರಿ ಎಂದುಬಿಟ್ಟ. ಮಗನನ್ನು ಹಿಂದಿರುಗಿಸಿ, ಅವನು ತನ್ನ ಜನರ ನಡುವೆ ಬೆಳೆಯಲಿ ಎಂದು ತಾಯಿ 1968ರಲ್ಲಿ ಬರೆದ ಪತ್ರ ಕಡತದೊಳಗೆ ಸೇರಿಹೋಯಿತು.

ಸುತ್ತಲೂ ಬಿಳಿಯರೇ ಇದ್ದ ಊರಿನಲ್ಲಿ ಬಾಲಕ ಬೆಳೆದ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: ನಾವು ಬಣ್ಣವನ್ನು ನೋಡುವುದಿಲ್ಲ. ಮೈಬಣ್ಣ ಕೇವಲ ಆಗಂತುಕ ಗುಣ, ಮಾನವತ್ವವೇ ಸಾರ ಎಂದು ಗುರುಮಠದ ತತ್ವಶಾಸ್ತ್ರ ತರಗತಿಯಲ್ಲಿ ನಾವೂ ಕಲಿತವರೇ. ಸಿದ್ಧಾಂತ ಸರಿಯಾದುದೇ. ಆದರೆ ಬೀದಿಯಲ್ಲಿ ಬಣ್ಣ ಹಿಡಿದು ಜರೆಯುವವನು ಅರಿಸ್ಟಾಟಲನನ್ನು ಓದಿರುವುದಿಲ್ಲ. ತಂದೆತಾಯಿ ನೋಡಲೊಲ್ಲದ್ದನ್ನು ಲೋಕವೆಲ್ಲ ನೋಡುತ್ತಿರುವಾಗ ಮಗು ಆ ನೋವನ್ನು ಮನೆಗೆ ತಂದು ಯಾರ ಮುಂದೆ ಇಡಬೇಕು?

ಸುಮಾರು 12ನೆಯ ವಯಸ್ಸಿನಲ್ಲಿ ಆ ಕುಟುಂಬ ಅವನನ್ನು ಸರಕಾರದ ಮಕ್ಕಳಾಶ್ರಮಕ್ಕೆ ಹಿಂದಿರುಗಿಸಿತು. ಆಶ್ರಮದಿಂದ ಆಶ್ರಮಕ್ಕೆ ಅಲೆದು ಹೊರಬರುವ ಹೊತ್ತಿಗೆ ಕೈಗೆ ಸಿಕ್ಕಿದ್ದು ಜನನ ಪತ್ರ ಮತ್ತು ತಾಯಿಯ ಆ ಹಳೆಯ ಪತ್ರ. ತಾನು ನಾರ್ಮನ್ ಅಲ್ಲ, ಲೆಮ್. ತನ್ನನ್ನು ಬೇಡವೆಂದು ಯಾರೂ ಎಸೆದಿರಲಿಲ್ಲ ಎಂಬುದು ಆಗ ತಿಳಿಯಿತು. ಅಮ್ಹಾರಿಕ್ ಭಾಷೆಯಲ್ಲಿ ಆ ಹೆಸರಿಗೆ ‘ಏಕೆ?’ ಎಂದರ್ಥ. 21ನೆಯ ವಯಸ್ಸಿನಲ್ಲಿ ಅವರು ತಾಯಿಯನ್ನು ಗ್ಯಾಂಬಿಯದಲ್ಲಿ ಕಂಡರು. ಆಕೆ ಅಲ್ಲಿ ವಿಶ್ವಸಂಸ್ಥೆಯ ಉದ್ಯೋಗದಲ್ಲಿದ್ದರು. ವಿಮಾನ ಚಾಲಕರಾಗಿದ್ದ ತಂದೆ ಅಪಘಾತದಲ್ಲಿ ಅದಾಗಲೇ ತೀರಿಕೊಂಡಿದ್ದರು. ತಾಯಿಯನ್ನು ಕಂಡೊಡನೆ ಗಾಯವೆಲ್ಲ ಮಾಯಿತೆಂದು ಹೇಳುವಂತಿಲ್ಲ. ಪೂರ್ಣ ಕಡತ ದೊರೆತದ್ದು 2015ರಲ್ಲಿ, ಹಲವು ದಶಕಗಳ ಒತ್ತಾಯದ ಬಳಿಕ. ಅದೇ ವರ್ಷ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯ ಅವರನ್ನು ಕುಲಾಧಿಪತಿಯನ್ನಾಗಿ ಆರಿಸಿತು. 2019ರಲ್ಲಿ ಆ ಕಡತದ ಪುಟಗಳನ್ನೇ ಆಧರಿಸಿ ಅವರು ಆತ್ಮಕಥೆ ಬರೆದರು.

ಪವಿತ್ರ ಗ್ರಂಥವನ್ನು ಓದುವ ನಮಗೆ ಇದು ಅಪರಿಚಿತ ಕಥೆಯಲ್ಲ. ಫರೋಹನ ಮಗಳು ಸಾಕಿ ಹೆಸರಿಟ್ಟ ಮೋಶೆ ದೊಡ್ಡವನಾದ ಮೇಲೆ ತನ್ನ ಜನರ ಬಳಿಗೆ ಹೋಗಿ ಅವರ ಬಿಟ್ಟಿ ದುಡಿಮೆಯನ್ನು ಕಂಡ. ಅದನ್ನು ಸಾಕುತಾಯಿಗೆ ಬಗೆದ ದ್ರೋಹವೆಂದು ನಾವು ಯಾರೂ ಬೋಧಿಸಿಲ್ಲ.

ನಮ್ಮ ದೇಶದಲ್ಲಿ ಬಹುಕಾಲ ಕ್ರೈಸ್ತ ದಂಪತಿಗಳು 1890ರ ಕಾಯಿದೆಯಡಿ ಮಗುವಿನ ಪಾಲಕರು ಮಾತ್ರ ಆಗಬಹುದಿತ್ತು. ಈಗ 2015ರ ಬಾಲನ್ಯಾಯ ಕಾಯಿದೆಯಂತೆ ದತ್ತು ಪಡೆದ ಮಗು ಅವರ ಸ್ವಂತ ಮಗುವೇ. ಅದರಡಿಯ 2022ರ ದತ್ತು ನಿಯಮಗಳು, ಹೆತ್ತವರ ಗೌಪ್ಯತೆಗೆ ಭಂಗ ಬಾರದಂತೆ, ಮೂಲ ಶೋಧಕ್ಕೂ ಅವಕಾಶ ಕೊಟ್ಟಿವೆ. ಕಾನೂನು ತೆರೆದ ಈ ಬಾಗಿಲನ್ನು ಮನೆಯವರು ಮುಚ್ಚುವುದು ತರವಲ್ಲ.

ಮಗುವಿಗೆ ಯಾವಾಗ ಹೇಳಬೇಕೆಂದು ದಂಪತಿಗಳು ನಮ್ಮನ್ನು ಕೇಳುವುದುಂಟು. ನೆರೆಯವರು ಹೇಳುವ ಮೊದಲು, ಶಾಲೆಯ ಸಹಪಾಠಿಗಳು ಹಂಗಿಸುವ ಮೊದಲು ಎಂಬುದೇ ನಮ್ಮ ಉತ್ತರ. ಮಗುವಿನೊಡನೆ ಬಂದ ಕಾಗದಪತ್ರಗಳನ್ನು, ಮೊದಲ ಹೆಸರೊಂದಿದ್ದರೆ ಅದನ್ನೂ, ಜ್ಞಾನಸ್ನಾನದ ಪ್ರಮಾಣಪತ್ರದೊಂದಿಗೇ ಜೋಪಾನವಾಗಿರಿಸಿ. ಕೇಳಿದ ದಿನ ಮಗುವಿನ ಕೈಗೆ ಕೊಡಿ.